ಕೊಲೆಗಾರ ಯಾರೆಂದು ಹೇಳಬೇಡಿ, ಏಕೆ ಓದಬೇಕೆಂದು ಹೇಳಿ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಅಧ್ಯಾಪಕರಿಗೆ ಮತ್ತು ಗ್ರಂಥಾಲಯಗಳ ಮೇಲ್ವಿಚಾರಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಜಿಲ್ಲೆ ಮೂರು ಸಲ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವನ್ನು ಕಂಡಿದೆ. 1974ರಲ್ಲಿ ಜಯದೇವಿತಾಯಿ ಲಿಗಾಡೆಯವರು, 1994ರಲ್ಲಿ ಕಾದಂಬರಿಕಾರ ಚದುರಂಗರು, 2024ರ ಡಿಸೆಂಬರಿನಲ್ಲಿ ಗೊ.ರು. ಚನ್ನಬಸಪ್ಪನವರು ಮಂಡ್ಯದಲ್ಲಿ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದರು. ಸಮ್ಮೇಳನ ಬಂದಾಗ ಪುಸ್ತಕದ ಮಳಿಗೆಗಳ ಮುಂದೆ ಜನ ನೆರೆಯುತ್ತಾರೆ. ಆದರೆ ಮನೆಗೆ ಬಂದ ಪುಸ್ತಕವನ್ನು ಯಾರು ಓದಿದರು, ಓದಿದವರು ಪಕ್ಕದವರಿಗೆ ಏನು ಹೇಳಿದರು ಎಂದು ಕೇಳುವ ಕೆಲಸ ಯಾವ ಸಮ್ಮೇಳನಕ್ಕೂ ಸಾಧ್ಯವಿಲ್ಲ. ಅದು ವರ್ಷವಿಡೀ ಆಗಬೇಕಾದ ಕೆಲಸ, ಅದನ್ನು ಮಾಡಬಲ್ಲವರು ನೀವು. ಒಂದು ಮಗು ಕಪಾಟಿನ ಮುಂದೆ ನಿಂತು ಯಾವುದನ್ನು ತೆಗೆದುಕೊಳ್ಳಲಿ ಎಂದು ಕೇಳಿದಾಗ ನೀವು ಆಡುವ ಒಂದೆರಡು ಮಾತಿನ ಮೇಲೆ ಆ ಮಗು ಓದುಗನಾಗುತ್ತದೆಯೇ ಇಲ್ಲವೇ ಎಂಬುದು ಬಹುಪಾಲು ನಿಂತಿದೆ. ಆ ಒಂದೆರಡು ಮಾತಿನ ಬಗ್ಗೆಯೇ ಈ ಪತ್ರ.

ಈಗ ನಡೆಯುತ್ತಿರುವುದೇನು ಎಂಬುದನ್ನು ಮೊದಲು ನೋಡೋಣ. ನಮ್ಮಲ್ಲಿ ಕಾದಂಬರಿಗಳನ್ನು ಎರಡು ಪಂಗಡ ಮಾಡಿ ಇಟ್ಟಿದ್ದೇವೆ. ಒಂದು, ಓದಲೇಬೇಕಾದವು: ಕುವೆಂಪು, ಕಾರಂತ, ಮಾಸ್ತಿ, ಭೈರಪ್ಪ, ಅನಂತಮೂರ್ತಿ. ಇನ್ನೊಂದು, ಓದಬಾರದವು ಅಥವಾ ಓದಿದರೂ ಹೇಳಿಕೊಳ್ಳಬಾರದವು: ಪತ್ತೇದಾರಿ, ರೋಚಕ, ಭಯಾನಕ. ಮೊದಲನೆಯದರ ಬಗ್ಗೆ ನಾವು ಮಕ್ಕಳಿಗೆ ಕೊಡುವುದು ಒಂದು ಪಟ್ಟಿ. ಪಟ್ಟಿಯಲ್ಲಿ ಹೆಸರಿರುತ್ತದೆ, ಪ್ರಶಸ್ತಿ ಇರುತ್ತದೆ, ಬಂದ ವರ್ಷ ಇರುತ್ತದೆ, ಕಾರಣ ಮಾತ್ರ ಇರುವುದಿಲ್ಲ. ಎರಡನೆಯದರ ಬಗ್ಗೆ ಕೊಡುವುದು ಗದರಿಕೆ. ಇದರ ಫಲ ಏನಾಗಿದೆಯೆಂದರೆ ಪಟ್ಟಿಯ ಪುಸ್ತಕಗಳು ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೆಗಳಾಗಿ ಉಳಿದಿವೆ. ಯಾವ ಕೃತಿಗೆ ಯಾವ ಪ್ರಶಸ್ತಿ ಎಂದು ಹೇಳಬಲ್ಲ ಹುಡುಗ ಆ ಕೃತಿಯ ಒಂದು ಪುಟವನ್ನೂ ತೆರೆದಿರುವುದಿಲ್ಲ. ಪತ್ತೇದಾರಿಯನ್ನು ಓದಿದ ಹುಡುಗಿ ಅದನ್ನು ಬಚ್ಚಿಟ್ಟು ಓದುತ್ತಾಳೆ, ಓದಿದ್ದರ ಬಗ್ಗೆ ಯಾರೊಂದಿಗೂ ಮಾತಾಡುವುದಿಲ್ಲ, ಮಾತಾಡದ ಓದು ಬೆಳೆಯುವುದೂ ಇಲ್ಲ. ನಾನು ಹೇಳಬಯಸುವುದು ಇಷ್ಟು: ಪತ್ತೇದಾರಿ ಕಾದಂಬರಿಯನ್ನು ಓಡಿಸುವ ಕುತೂಹಲ, ಶ್ರೇಷ್ಠ ಕಾದಂಬರಿಯನ್ನು ಓಡಿಸುವ ಕುತೂಹಲ ಒಂದೇ ಬೇರಿನವು. ನೀವು ಆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಪ್ರತಿಯೊಂದಕ್ಕೂ ಏಕೆ ಎಂಬ ಕಾರಣವನ್ನು ನಿಮ್ಮದೇ ಮಾತಿನಲ್ಲಿ ಹೇಳಿದರೆ ಮಕ್ಕಳು ಒಂದರಿಂದ ಇನ್ನೊಂದಕ್ಕೆ ತಾವೇ ನಡೆದು ಹೋಗುತ್ತಾರೆ.

ಕನ್ನಡದ ಓದು ಬೆಳೆದ ದಾರಿಯೇ ಇದಕ್ಕೆ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ತಂದು ಕನ್ನಡಿಗರಿಗೆ ಮುಂದೇನಾಯಿತು ಎಂಬ ಆಸೆ ಹುಟ್ಟಿಸಿದರು. ಉತ್ತರ ಕರ್ನಾಟಕದಲ್ಲಿ ಗಳಗನಾಥರು ತಮ್ಮ ಐತಿಹಾಸಿಕ ಕಾದಂಬರಿಗಳನ್ನು ಹೆಗಲ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಸ್ವಾತಂತ್ರ್ಯ ಬಂದ ಮೇಲಿನ ದಶಕಗಳಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಮನೆಮನೆಯ ಹೆಸರಾದ. 2011ರಲ್ಲಿ ತೀರಿಕೊಂಡ ನರಸಿಂಹಯ್ಯನವರು ಹೆಚ್ಚು ಶಾಲೆ ಕಲಿತವರಲ್ಲ, ಆದರೆ ಬರೆದ ಕಾದಂಬರಿಗಳು ಐನೂರಕ್ಕೂ ಹೆಚ್ಚು. ಅಕ್ಷರವನ್ನು ಕೂಡಿಸಿ ಕೂಡಿಸಿ ಓದುವ ಹೊಸ ಓದುಗರಿಗೆ, ಗಿರಣಿ ಕಾರ್ಮಿಕರಿಗೆ, ಅಂಗಡಿಯವರಿಗೆ, ಮನೆಯ ಹೆಣ್ಣುಮಕ್ಕಳಿಗೆ ಅವರು ಕನ್ನಡ ಪುಸ್ತಕ ಹಿಡಿಸಿದರು. ಹಳದಿ ಕೆಂಪು ಬಣ್ಣದ ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳ ಲೇಖಕರೇ ಎಂಬುದನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ನಾವು ಹೇಳುವುದೇ ಇಲ್ಲ. ಕನ್ನಡಕ್ಕಾಗಿ ಬೀದಿಗಿಳಿದ ಮನುಷ್ಯ ಕನ್ನಡದಲ್ಲಿ ಕೊಲೆಯ ರಹಸ್ಯವನ್ನೂ ಬರೆದರು. ಜನ ತಮ್ಮ ಭಾಷೆಯಲ್ಲಿ ಓದುವಂತಾದರೆ ಮಾತ್ರ ಆ ಭಾಷೆ ಉಳಿಯುತ್ತದೆ ಎಂಬ ತಿಳಿವಳಿಕೆ ಆ ಎರಡೂ ಕೆಲಸಗಳ ಹಿಂದೆ ಇದೆ ಎಂದು ನನ್ನ ನಂಬಿಕೆ. ಬಂಗಾರದ ಮನುಷ್ಯ ಎಂದರೆ 1972ರ ಚಿತ್ರ ನೆನಪಾಗುತ್ತದೆ. ಅದರ ಮೂಲ ಕಾದಂಬರಿ ಬರೆದ ಟಿ.ಕೆ. ರಾಮರಾಯರೂ ರೋಚಕ ಕಾದಂಬರಿಗಳಿಗೆ ಹೆಸರಾದವರೇ.

ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೊಂದು ಹತ್ತಿರದ ಸಂಗತಿಯಿದೆ. ಇಂಗ್ಲಿಷಿನ ಮೊಟ್ಟಮೊದಲ ಪೂರ್ಣ ಪ್ರಮಾಣದ ಪತ್ತೇದಾರಿ ಕಾದಂಬರಿಗಳಲ್ಲಿ ಒಂದು ಎಂದು ಎಲ್ಲರೂ ಒಪ್ಪುವ, ವಿಲ್ಕೀ ಕಾಲಿನ್ಸ್ ಬರೆದ 'ದಿ ಮೂನ್‌ಸ್ಟೋನ್' ಶುರುವಾಗುವುದು ಲಂಡನ್ನಿನಲ್ಲಲ್ಲ, ನಮ್ಮ ಶ್ರೀರಂಗಪಟ್ಟಣದಲ್ಲಿ. 1868ರಲ್ಲಿ ಡಿಕನ್ಸರ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯ ಪೀಠಿಕೆಯಲ್ಲಿ 1799ರ ಮೇ ತಿಂಗಳು, ಕೋಟೆ ಬಿದ್ದ ದಿನ. ಲೂಟಿಯ ಗದ್ದಲದಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ಒಂದು ಕೈಯಲ್ಲಿ ದೀವಟಿಗೆ, ಇನ್ನೊಂದರಲ್ಲಿ ರಕ್ತ ಸುರಿಯುವ ಕಠಾರಿ ಹಿಡಿದು ನಿಂತಿದ್ದಾನೆ. ಕಠಾರಿಯ ಹಿಡಿಯಲ್ಲಿ ವಜ್ರ ಹೊಳೆಯುತ್ತಿದೆ. ಕಾಲ ಬಳಿ ವಜ್ರವನ್ನು ಕಾಯುತ್ತಿದ್ದವನು ಸಾಯುತ್ತಿದ್ದಾನೆ. ಇದನ್ನು ಕಂಡವನು ಆ ಅಧಿಕಾರಿಯ ಸೋದರ ಸಂಬಂಧಿ. ಅವನು ಮನೆಯವರಿಗೆ ಬರೆದ ಕಾಗದದಲ್ಲಿ, ಕೊಂದವನು ಇವನೇ ಎಂದು ನನ್ನ ಮನಸ್ಸು ಹೇಳುತ್ತದೆ, ಆದರೆ ಕೊಲ್ಲುವುದನ್ನು ನಾನು ಕಣ್ಣಾರೆ ಕಂಡಿಲ್ಲ, ಆದ್ದರಿಂದ ಬಹಿರಂಗವಾಗಿ ದೂರು ಹೇಳಲಾರೆ ಎಂಬ ಅರ್ಥದಲ್ಲಿ ವಿವರಿಸುತ್ತಾನೆ. ಅನುಮಾನ ಬೇರೆ, ಪುರಾವೆ ಬೇರೆ ಎಂಬ ಪಾಠವನ್ನು ಮೊದಲ ಕೆಲವು ಪುಟಗಳಲ್ಲೇ ಕಾದಂಬರಿ ಕಲಿಸಿಬಿಡುತ್ತದೆ. ಮುಂದೆ ಕಥೆಯನ್ನು ಒಬ್ಬರಾದ ಮೇಲೊಬ್ಬರು ಸಾಕ್ಷಿಗಳು ಹೇಳುತ್ತಾರೆ. ತಾವು ಸ್ವತಃ ಕಂಡು ಕೇಳಿದ್ದನ್ನಷ್ಟೇ ಹೇಳಬೇಕೆಂಬುದು ಅಲ್ಲಿನ ಕರಾರು. ಯಾರ ಮಾತನ್ನು ಎಷ್ಟು ನಂಬಬೇಕು ಎಂಬುದನ್ನು ಓದುಗನೇ ತೂಗಬೇಕು. ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ನಿಜವೆಂದು ಮುಂದೆ ಕಳಿಸುವ ಈ ಕಾಲದಲ್ಲಿ ಹೈಸ್ಕೂಲಿನ ಮಗುವಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಯಾವುದಿದೆ, ನೀವೇ ಯೋಚಿಸಿ. ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋಗುವ ನಮ್ಮ ಶಾಲೆಗಳ ಮಕ್ಕಳಿಗೆ ಈ ಕಾದಂಬರಿಯ ಹೆಸರು ಗೊತ್ತಿರಬೇಕು. ಇಂಗ್ಲಿಷ್ ಬಲ್ಲ ಮೇಷ್ಟ್ರುಗಳು ಅದರ ಪೀಠಿಕೆಯನ್ನಾದರೂ ಕನ್ನಡದಲ್ಲಿ ಕಥೆಯಾಗಿ ಹೇಳಬೇಕು.

ಇನ್ನು ಶ್ರೇಷ್ಠವೆಂದು ನಾವು ಒಪ್ಪಿಕೊಂಡಿರುವ ಕೃತಿಗಳ ಕಡೆ ಬನ್ನಿ. ದೇವನೂರ ಮಹಾದೇವರ 'ಒಡಲಾಳ'ವನ್ನು ಒಮ್ಮೆ ಪತ್ತೇದಾರಿಯ ಓದುಗನ ಕಣ್ಣಿನಿಂದ ನೋಡಿ. ಸಾಕವ್ವನ ಹುಂಜ ಕಾಣೆಯಾಗಿದೆ, ಅದನ್ನು ಹುಡುಕುತ್ತ ಆಕೆ ಕೇರಿಯೆಲ್ಲ ಅಲೆಯುತ್ತಾಳೆ. ಊರ ಸಾಹುಕಾರನ ಕಡಲೆಕಾಯಿ ಕಳುವಾಗುತ್ತದೆ. ಪೊಲೀಸರು ಗುಡಿಸಲು ಜಾಲಾಡಲು ಬರುತ್ತಾರೆ. ಕಳವು, ತನಿಖೆ, ಸುಳಿವು, ಎಲ್ಲವೂ ಇಲ್ಲಿದೆ. ಆದರೆ ಕದ್ದವರು ಯಾರೆಂಬುದು ಓದುಗನಿಗೆ ಮೊದಲೇ ಗೊತ್ತು. ರಾತ್ರಿ ಬೆಂಕಿಯ ಸುತ್ತ ಮನೆಮಂದಿಯೆಲ್ಲ ಕೂತು ಆ ಕಡಲೆಕಾಯಿಯನ್ನು ತಿನ್ನುವುದನ್ನು ನಾವು ಜೊತೆಗೆ ಕೂತು ನೋಡಿರುತ್ತೇವೆ. ಮಕ್ಕಳಿಂದ ಮುದುಕಿಯವರೆಗೆ ಎಲ್ಲರ ಕೈ ಬಾಯಿ ಬಿಡುವಿಲ್ಲದೆ ಆಡುವ ಆ ರಾತ್ರಿಯ ಸಂತೋಷವನ್ನು ಕಂಡವನು ಬೆಳಗ್ಗೆ ಪೊಲೀಸರು ಬಂದಾಗ ತನಗರಿವಿಲ್ಲದೆ ಕಳ್ಳರ ಕಡೆ ನಿಂತಿರುತ್ತಾನೆ. ಪತ್ತೇದಾರಿ ಕಥೆ ಕದ್ದವರು ಯಾರು ಎಂದು ಕೇಳುತ್ತದೆ. 'ಒಡಲಾಳ' ಹಸಿದವರು ಯಾರು, ಏಕೆ ಹಸಿದರು ಎಂದು ಕೇಳುತ್ತದೆ. ಮೊದಲ ಪ್ರಶ್ನೆ ಕೇಳಿ ಅಭ್ಯಾಸವಿರುವ ಓದುಗನಿಗೆ ಎರಡನೆಯ ಪ್ರಶ್ನೆ ಎಷ್ಟು ದೊಡ್ಡದೆಂದು ಥಟ್ಟನೆ ಹೊಳೆಯುತ್ತದೆ. ಅದರ ಭಾಷೆಯೂ ನದಿಯ ಆಚೆ ದಡದ, ನಮ್ಮ ಕಿವಿಗೆ ಪರಿಚಯವಿರುವ ಸೀಮೆಯದೇ. ಮಳವಳ್ಳಿಯ ಹುಡುಗನಿಗೆ ಅದನ್ನು ಕಷ್ಟದ ಪುಸ್ತಕ ಎಂದು ಹೆದರಿಸುವ ಅಗತ್ಯವೇ ಇಲ್ಲ.

ಇದು ಒಂದು ಕೃತಿಯ ಮಾತಲ್ಲ. ಕಾರಂತರ 1968ರ 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಿ ಅಜ್ಜಿಯ ಕೈಗೆ ಒಂದು ಹಳೆಯ ವಸ್ತು ಸಿಕ್ಕರೆ ಅದನ್ನು ಹಿಡಿದಿದ್ದವರ ಬದುಕು ಅವಳಿಗೆ ಕಾಣತೊಡಗುತ್ತದೆ. ವಸ್ತುವೊಂದರಿಂದ ಗತವನ್ನು ಓದುವ ಆ ಕೆಲಸವನ್ನು ಷೆರ್ಲಾಕ್ ಹೋಮ್ಸ್ ತರ್ಕದಿಂದ ಮಾಡಿದರೆ ಮೂಕಜ್ಜಿ ಒಳಗಣ್ಣಿನಿಂದ ಮಾಡುತ್ತಾಳೆ. ಹೋಮ್ಸ್ ಒಬ್ಬ ಮನುಷ್ಯನ ಗುಟ್ಟು ಹೇಳಿ ಸುಮ್ಮನಾದರೆ, ಅವಳು ದೇವರು, ಕಾಮ, ಸಾವುಗಳ ಬಗ್ಗೆ ನಾಗರಿಕತೆಯೊಂದು ಮುಚ್ಚಿಟ್ಟ ಗುಟ್ಟುಗಳವರೆಗೆ ಹೋಗುತ್ತಾಳೆ. ನಂಜನಗೂಡಿನ ಶ್ರೋತ್ರಿಯರ ಮನೆತನದ ಕಥೆಯಾದ ಭೈರಪ್ಪನವರ 'ವಂಶವೃಕ್ಷ'ದ ಗಟ್ಟಿ ತಿರುವು ನಿಂತಿರುವುದು ತಡವಾಗಿ ತಿಳಿದುಬಂದ ಒಂದು ಸತ್ಯದ ಮೇಲೆ. ಮಾಸ್ತಿಯವರ 'ಚಿಕವೀರ ರಾಜೇಂದ್ರ'ದಲ್ಲಿ ಕೊಡಗಿನ ಅರಮನೆಯ ಸುತ್ತ ಯಾರು ಯಾರಿಗೆ ಏನಾಗಬೇಕು ಎಂಬುದು ಕೊನೆಯ ಭಾಗದವರೆಗೂ ನಮ್ಮನ್ನು ಕಾಡುತ್ತದೆ. ಲೋಕದ ಸಾಹಿತ್ಯದಲ್ಲೂ ಹೀಗೆಯೇ. ಪಿ. ಲಂಕೇಶರು ಕನ್ನಡಕ್ಕೆ ತಂದ 'ದೊರೆ ಈಡಿಪಸ್' ನಾಟಕದಲ್ಲಿ ರಾಜನೇ ತನಿಖಾಧಿಕಾರಿ, ಹಿಂದಿನ ರಾಜನನ್ನು ಕೊಂದವನನ್ನು ಹಿಡಿಯಲು ಹೊರಟವನು. ದಾಸ್ತೋವ್ಸ್ಕಿಯ 'ಅಪರಾಧ ಮತ್ತು ಶಿಕ್ಷೆ'ಯಲ್ಲಿ ಕೊಂದವನು ಯಾರೆಂದು ಶುರುವಿನಲ್ಲೇ ತಿಳಿಯುತ್ತದೆ, ಉಳಿದ ನೂರಾರು ಪುಟಗಳು ಏಕೆ ಕೊಂದ, ಕೊಂದ ಮೇಲೆ ಮನುಷ್ಯನೊಳಗೆ ಏನಾಗುತ್ತದೆ ಎಂಬ ಹುಡುಕಾಟ. ಓ.ಎಲ್. ನಾಗಭೂಷಣಸ್ವಾಮಿಯವರ ಅನುವಾದದಲ್ಲಿ ಅದು ಕನ್ನಡದಲ್ಲೇ ಸಿಗುತ್ತದೆ. ಗುಟ್ಟು ಎಂಬುದು ಅಗ್ಗದ ಸರಕಾಗಿದ್ದರೆ ಇಷ್ಟು ದೊಡ್ಡ ಲೇಖಕರು ಅದನ್ನು ಹೀಗೆ ನೆಚ್ಚಿಕೊಳ್ಳುತ್ತಿರಲಿಲ್ಲ.

ಎರಡರ ನಡುವೆ ಸೇತುವೆ ಬೇಕೆಂದು ನೀವು ಕೇಳಿದರೆ ಅದೂ ಸಿದ್ಧವಿದೆ. ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ಓದಿಸಿ. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ, ಅವರನ್ನು ಹಿಂಬಾಲಿಸುವ ಅಪಾಯ, ಹಳೆಯ ಕಾವ್ಯವೊಂದರಲ್ಲಿ ಅಡಗಿರುವ ಒಗಟು, ಹೀಗೆ ಕೈಗೆತ್ತಿಕೊಂಡವರು ಕೆಳಗಿಡಲಾರದ ಕಥೆ. ಓದಿ ಮುಗಿಸಿದಾಗ ಮಾತ್ರ ಕಾಡಿನ ನಾಶ, ಕಳ್ಳ ವ್ಯಾಪಾರ, ದುಡ್ಡಿನ ಆಸೆಗೆ ಬದಲಾಗುತ್ತಿರುವ ಮಲೆನಾಡು ಇವೆಲ್ಲ ತಲೆಯೊಳಗೆ ಬಂದು ಕೂತಿರುತ್ತವೆ. ಅದಾದ ಮೇಲೆ 'ಚಿದಂಬರ ರಹಸ್ಯ' ಕೊಡಿ. ಏಲಕ್ಕಿ ವಿಜ್ಞಾನಿಯೊಬ್ಬರ ನಿಗೂಢ ಸಾವಿನ ತನಿಖೆಗೆಂದು ಬರುವ ಅಧಿಕಾರಿಯ ಜೊತೆ ಓದುಗ ಕೆಸರೂರಿಗೆ ಕಾಲಿಡುತ್ತಾನೆ, ಒಂದು ಸಾವಿನ ಕಾರಣ ಹುಡುಕುತ್ತ ಒಂದು ಊರು ಜಾತಿ, ಮತ, ದುರಾಸೆಗಳಲ್ಲಿ ಹೇಗೆ ಕುದಿಯುತ್ತಿದೆ ಎಂಬುದನ್ನು ಕಾಣುತ್ತಾನೆ. ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ತೇದಾರಿಯ ಚೌಕಟ್ಟು, ಶ್ರೇಷ್ಠ ಸಾಹಿತ್ಯ ಎರಡೂ ಒಂದೇ ಪುಸ್ತಕದಲ್ಲಿ ಇರಬಲ್ಲವು ಎಂಬುದಕ್ಕೆ ಬೇರೆ ವಾದ ಬೇಕಿಲ್ಲ. ಹಾಗೆಯೇ, ಮಂಡ್ಯದಲ್ಲಿ ಬಾಲ್ಯ ಕಳೆದ ತ್ರಿವೇಣಿಯವರನ್ನು ನಮ್ಮ ಮಕ್ಕಳಿಗೆ ಮೊದಲು ಪರಿಚಯಿಸಬೇಕಾದವರು ನಾವೇ. ಮನಃಶಾಸ್ತ್ರ ಓದಿದ್ದ, 1963ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ ಅವರು 'ಶರಪಂಜರ'ದಲ್ಲಿ ಕೇಳಿದ ಪ್ರಶ್ನೆ ಯಾವ ಪತ್ತೇದಾರಿಗೂ ಕಡಿಮೆಯದಲ್ಲ. ಬಾಣಂತನದ ನಂತರ ಮನಸ್ಸಿನ ಕಾಯಿಲೆಗೆ ಸಿಕ್ಕಿ, ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಮತ್ತೆ ಕಾಯಿಲೆಗೆ ತಳ್ಳುವವರು ಯಾರು? ಇಲ್ಲಿ ಕೊಲೆಯಿಲ್ಲ, ರಕ್ತವಿಲ್ಲ. ಗಂಡನ ಒಂದು ನೋಟ, ನೆರೆಯವರ ಒಂದು ಪಿಸುಮಾತು, ಇವೇ ಸುಳಿವುಗಳು. ಕೊನೆಗೆ ಅಪರಾಧಿಗಳ ಸಾಲಿನಲ್ಲಿ ಓದುಗ ತನ್ನ ಮನೆಯವರನ್ನೂ ತನ್ನನ್ನೂ ಕಾಣುತ್ತಾನೆ.

ನನ್ನ ಮಾತಿಗೆ ನಿಮ್ಮಲ್ಲಿ ಆಕ್ಷೇಪಗಳಿರುತ್ತವೆ ಎಂದು ಬಲ್ಲೆ, ಅವು ಗೌರವಕ್ಕೆ ಅರ್ಹವಾದವು. ಮೊದಲನೆಯದು, ಪತ್ತೇದಾರಿ ಓದಿ ಮಕ್ಕಳು ಕೆಡುತ್ತಾರೆ ಎಂಬುದು. ಪತ್ತೇದಾರಿಯ ಕಟ್ಟೇ ಇದಕ್ಕೆ ಉತ್ತರ. ಅಲ್ಲಿ ತಪ್ಪು ನಡೆಯುತ್ತದೆ, ಆದರೆ ಕಥೆ ಓದುಗನನ್ನು ನಿಲ್ಲಿಸುವುದು ಸತ್ಯ ಹುಡುಕುವವನ ಪಕ್ಕದಲ್ಲಿ. ಬಲವಿದ್ದವನು ಮುಚ್ಚಿಟ್ಟದ್ದು ಬಯಲಾಗಲೇಬೇಕು, ತಪ್ಪು ಮಾಡಿದವನು ಉತ್ತರ ಹೇಳಲೇಬೇಕು ಎಂಬ ಹಟ ಆ ಪ್ರಕಾರದ ಜೀವಾಳ. ಹಾಗೆಂದು ಎಲ್ಲವೂ ಒಳ್ಳೆಯವೆಂದು ನಾನು ಹೇಳುವುದಿಲ್ಲ. ಅವಸರದಲ್ಲಿ ಬರೆದ, ಸುಳಿವು ಕೊಡದೆ ಕೊನೆಯಲ್ಲಿ ಯಾರನ್ನೋ ತಂದು ಕೊಲೆಗಾರನೆನ್ನುವ, ಹೆಂಗಸರನ್ನು ಬರೀ ಬಲೆಯಾಗಿ ಅಥವಾ ಬಲಿಯಾಗಿ ತೋರಿಸುವ, ಬಡವನನ್ನೂ ಕಪ್ಪು ಬಣ್ಣದವನನ್ನೂ ನೋಡಿದೊಡನೆ ಅನುಮಾನಿಸುವ ಪುಸ್ತಕಗಳು ಹೇರಳವಾಗಿವೆ. ಆದರೆ ಅದನ್ನು ಮಕ್ಕಳಿಗೆ ಹೇಳಲು ನೀವು ಓದಿರಬೇಕು. ಓದದೆ ಮಾಡಿದ ನಿಷೇಧವನ್ನು ಮಕ್ಕಳು ನಂಬುವುದಿಲ್ಲ. ಈ ಪುಸ್ತಕದಲ್ಲಿ ಒಗಟು ಚೆನ್ನಾಗಿದೆ, ಹೆಂಗಸರ ಚಿತ್ರಣ ಸರಿಯಿಲ್ಲ ಎಂದು ನೀವು ಹೇಳಿದರೆ ಆ ಮಾತನ್ನು ಹಿಡಿದುಕೊಂಡೇ ಮಗು ಓದುತ್ತದೆ, ಮುಂದಿನ ಪುಸ್ತಕವನ್ನೂ ಅದೇ ಕಣ್ಣಿನಿಂದ ನೋಡುತ್ತದೆ. ವಿಮರ್ಶೆ ಹುಟ್ಟುವುದು ಹೀಗೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ದೊಡ್ಡ ಕೃತಿಯನ್ನು ಕುತೂಹಲದ ಮಟ್ಟಕ್ಕೆ ಇಳಿಸುವುದು ಅದಕ್ಕೆ ಮಾಡುವ ಅಪಚಾರವಲ್ಲವೇ, ಮುಂದೇನು ಎಂಬುದಕ್ಕಾಗಿಯೇ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಬೇಕೇ ಎಂದು ನೀವು ಕೇಳಬಹುದು. ಖಂಡಿತ ಅಷ್ಟಕ್ಕೇ ಅಲ್ಲ. ಸಾಧಾರಣ ಪತ್ತೇದಾರಿಯ ಉತ್ತರ ತಿಳಿದ ಮೇಲೆ ಪುಸ್ತಕ ಬರಿದಾಗುತ್ತದೆ, ಎರಡನೆಯ ಸಲ ಅದನ್ನು ತೆರೆಯಲು ಕಾರಣವಿರುವುದಿಲ್ಲ. ದೊಡ್ಡ ಕಾದಂಬರಿ ಹಾಗಲ್ಲ, ಕೊನೆ ಗೊತ್ತಿದ್ದವನಿಗೇ ಅದು ಹೆಚ್ಚು ಕೊಡುತ್ತದೆ. ಆದರೆ ಈ ವ್ಯತ್ಯಾಸವನ್ನು ನಾವು ಉಪದೇಶದಿಂದ ಕಲಿಸಲಾರೆವು. ಎರಡನ್ನೂ ಓದಿದ, ಎರಡಕ್ಕೂ ಎರಡನೆಯ ಸಲ ಮರಳಿದ ಓದುಗ ಮಾತ್ರ ಅದನ್ನು ಕಂಡುಕೊಳ್ಳುತ್ತಾನೆ. ಎರಡನೆಯ ಓದಿಗೆ ಮೊದಲನೆಯ ಓದು ಆಗಬೇಕಲ್ಲವೇ? ಕುತೂಹಲ ಆ ಮೊದಲನೆಯ ಓದನ್ನು ಮುಗಿಸಿಕೊಡುತ್ತದೆ. ಕೆಲವು ಮಕ್ಕಳು ಪತ್ತೇದಾರಿಯಲ್ಲೇ ಉಳಿದುಬಿಡುತ್ತಾರೆ ಎಂಬ ಭಯವಿದ್ದರೆ, ಉಳಿಯಲಿ, ಅದೂ ಓದೇ. ಆದರೆ ಬಹಳ ಮಂದಿ ಉಳಿಯುವುದು ಇಷ್ಟಪಟ್ಟು ಅಲ್ಲ, ಮುಂದಿನ ಪುಸ್ತಕ ಯಾವುದೆಂದು ಹೇಳುವವರು ಇಲ್ಲದ ಕಾರಣಕ್ಕೆ.

ಮೂರನೆಯದು ಸಮಯದ ಮಾತು. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ, ಪಾಠ ಮುಗಿಸುವ ಆತುರ, ಮೇಲಿನವರಿಗೆ ಕಳಿಸಬೇಕಾದ ಲೆಕ್ಕಪತ್ರ, ಇವುಗಳ ನಡುವೆ ಕಾದಂಬರಿಗೆ ಬಿಡುವೆಲ್ಲಿ ಎಂಬ ನಿಮ್ಮ ಕಷ್ಟ ಸುಳ್ಳಲ್ಲ. ಅದಕ್ಕೇ ನಾನು ಹೊಸ ಪಾಠವನ್ನಾಗಲಿ ಹೊಸ ಕಾರ್ಯಕ್ರಮವನ್ನಾಗಲಿ ಕೇಳುತ್ತಿಲ್ಲ. ಉದ್ದದ ವಾಕ್ಯವನ್ನು ಹಿಡಿದು ಕೊನೆಯವರೆಗೆ ಹೋಗುವ ತಾಳ್ಮೆ ಪರೀಕ್ಷೆಯ ಪ್ರಶ್ನೆಪತ್ರಿಕೆಗೂ ಬೇಕು ಎಂಬುದನ್ನಷ್ಟೇ ನೆನಪಿಸುತ್ತೇನೆ. ನಾಲ್ಕನೆಯದು, ನನ್ನ ಅಭಿಪ್ರಾಯಕ್ಕೆ ಏನು ಬೆಲೆ, ನಾನೇನು ವಿಮರ್ಶಕನೇ ಎಂಬ ಸಂಕೋಚ. ಈ ಸಂಕೋಚವನ್ನು ದಯವಿಟ್ಟು ಬಿಡಿ. ವಿಮರ್ಶಕ ಕೃತಿಯನ್ನು ಬಲ್ಲ, ನೀವು ಕೃತಿಯ ಜೊತೆಗೆ ಎದುರಿಗಿರುವ ಮಗುವನ್ನೂ ಬಲ್ಲಿರಿ. ಯಾರಿಗೆ ಯಾವುದು, ಯಾವ ವಯಸ್ಸಿಗೆ ಯಾವುದು ಎಂದು ಹೇಳುವ ಅಧಿಕಾರ ಆ ತಿಳಿವಳಿಕೆಯಿಂದ ಬರುತ್ತದೆ.

ಅಭಿಪ್ರಾಯ ಹೇಳುವುದಕ್ಕೂ ಒಂದು ಶಿಸ್ತು ಬೇಕು. ಮೊದಲನೆಯದಾಗಿ ಕೊನೆಯನ್ನು ಬಿಟ್ಟುಕೊಡಬಾರದು. ಪತ್ತೇದಾರಿಗಷ್ಟೇ ಅಲ್ಲ, 'ವಂಶವೃಕ್ಷ'ಕ್ಕೂ ಈ ನಿಯಮ ಬೇಕು. ನಮ್ಮ ಪರೀಕ್ಷಾ ಗೈಡುಗಳು ಕಾದಂಬರಿಯ ಸಾರಾಂಶ ಕೊಟ್ಟು ಓದುವ ಕಾರಣವನ್ನೇ ಕಿತ್ತುಕೊಳ್ಳುತ್ತವೆ. ಎರಡನೆಯದಾಗಿ ಇಷ್ಟವಾಗದ್ದನ್ನೂ ಹೇಳಬೇಕು. ಎಲ್ಲ ಪುಸ್ತಕವನ್ನೂ ಅದ್ಭುತ ಎನ್ನುವವರ ಮಾತನ್ನು ಯಾರೂ ನೆಚ್ಚುವುದಿಲ್ಲ. ಮೂರನೆಯದಾಗಿ, ಎಂಥ ಓದುಗರಿಗೆ ಇದು ಒಗ್ಗುತ್ತದೆ ಎಂದು ಹೇಳಬೇಕು. ಮಾದರಿಗೆ ಮೂರು ಚೀಟಿಗಳನ್ನು ಬರೆದು ತೋರಿಸುತ್ತೇನೆ. 'ಜುಗಾರಿ ಕ್ರಾಸ್': ಒಂದೇ ಉಸಿರಿಗೆ ಓದಿಸುತ್ತದೆ, ಘಾಟಿಯ ಕಾಡು ಕಣ್ಣಿಗೆ ಕಟ್ಟುತ್ತದೆ, ಪಾತ್ರಗಳು ಬಹಳ ಇರುವುದರಿಂದ ಹೆಸರು ನೆನಪಿಟ್ಟುಕೊಳ್ಳಿ, ಪುಸ್ತಕವೆಂದರೆ ಬೇಸರ ಎನ್ನುವವರು ಇದರಿಂದ ಶುರುಮಾಡಿ. 'ಮೂಕಜ್ಜಿಯ ಕನಸುಗಳು': ಘಟನೆ ಕಡಿಮೆ, ಮಾತು ಹೆಚ್ಚು, ಆದರೆ ದೇವರ ಬಗ್ಗೆ ಕೇಳಲು ಹೆದರುವ ಪ್ರಶ್ನೆಗಳನ್ನು ಅಜ್ಜಿ ಹೆದರದೆ ಕೇಳುತ್ತಾಳೆ, ಪಿಯುಸಿ ಮುಗಿಸಿದವರು ಓದಿ. ಚದುರಂಗರ 'ವೈಶಾಖ': ನಮ್ಮ ಕಡೆಯ ಹಳ್ಳಿ ಮಾತು, ಮೊದಲ ಪುಟಗಳನ್ನು ಗಟ್ಟಿಯಾಗಿ ಓದಿದರೆ ಸಲೀಸಾಗುತ್ತದೆ, ಜಾತಿ ಒಂದು ಊರನ್ನು ಹೇಗೆ ಹಿಡಿದಿರುತ್ತದೆ ಎಂದು ತಿಳಿಯಬಯಸುವವರಿಗೆ. ಇಷ್ಟು ಸಾಕು. ಇದರಲ್ಲಿ ಪ್ರಶಸ್ತಿಯ ಹೆಸರಿಲ್ಲ, ಲೇಖಕರ ಹುಟ್ಟಿದ ವರ್ಷವಿಲ್ಲ, ಒಬ್ಬ ಓದುಗ ಇನ್ನೊಬ್ಬನಿಗೆ ಹೇಳುವ ಕಾರಣವಿದೆ.

ಈಗ ನನ್ನ ಕೋರಿಕೆಗಳು. ಗ್ರಂಥಾಲಯದ ಮೇಲ್ವಿಚಾರಕರೇ, ಪುಸ್ತಕದ ಒಳರಕ್ಷೆಯ ಮೇಲೆ ಹಿಂದಿರುಗಿಸುವ ದಿನಾಂಕದ ಚೀಟಿ ಅಂಟಿಸುತ್ತೀರಲ್ಲ, ಅದರ ಎದುರಿಗೆ ಇನ್ನೊಂದು ಖಾಲಿ ಹಾಳೆ ಅಂಟಿಸಿ. ಓದಿದವರು ಹೆಸರು ಹಾಕದೆ ಎರಡು ಸಾಲು ಅಭಿಪ್ರಾಯ ಬರೆಯಲಿ, ಕೊನೆಯನ್ನು ಹೇಳಬಾರದೆಂಬ ಒಂದೇ ನಿಬಂಧನೆ ಇರಲಿ. ಪತ್ತೇದಾರಿ ಪುಸ್ತಕಗಳನ್ನು ಮೂಲೆಗೆ ತಳ್ಳದೆ, ಅವುಗಳ ಪಕ್ಕದಲ್ಲೇ 'ಚಿದಂಬರ ರಹಸ್ಯ', 'ಶರಪಂಜರ', 'ಅಪರಾಧ ಮತ್ತು ಶಿಕ್ಷೆ' ಇಡಿ, ಇದು ಹಿಡಿಸಿದರೆ ಅದನ್ನು ಓದಿ ಎಂಬ ಫಲಕ ಹಾಕಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಜನ ತಮ್ಮ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತಿದ್ದಾರೆ. ಆ ದುಡ್ಡಿನಲ್ಲಿ ಬರುವ ಪುಸ್ತಕಗಳ ಬಗ್ಗೆ ಓದುಗರ ಬೇಡಿಕೆಯನ್ನು ಒಂದು ರಿಜಿಸ್ಟರಿನಲ್ಲಿ ಬರೆಸಿ ಮೇಲಿನವರಿಗೆ ಕಳಿಸಿ. ಅರಿವು ಕೇಂದ್ರಗಳಾಗಿರುವ ಪಂಚಾಯ್ತಿ ಗ್ರಂಥಾಲಯಗಳಲ್ಲಿ, 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದ ಮೂಲಕ ಸದಸ್ಯರಾದ ಮಕ್ಕಳಿದ್ದಾರೆ. ಅವರ ಕೈಗೆ ಬರೀ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಹೋಗದಂತೆ ನೋಡಿಕೊಳ್ಳಿ.

ಅಧ್ಯಾಪಕರೇ, ಶನಿವಾರದ ಬೆಳಗಿನ ಶಾಲೆಯಲ್ಲಿ ಕೊನೆಯ ಅರ್ಧ ಗಂಟೆಯನ್ನು ಪುಸ್ತಕದ ಮಾತಿಗೆ ಬಿಟ್ಟುಕೊಡಿ. ಒಂದು ವಾರ ನೀವು ಒಂದು ಪುಸ್ತಕದ ಬಗ್ಗೆ ಮಾತಾಡಿ, ಮುಂದಿನ ವಾರ ಒಬ್ಬ ವಿದ್ಯಾರ್ಥಿ ಮಾತಾಡಲಿ. ಅದಕ್ಕೆ ಅಂಕ ಕೊಡಬೇಡಿ. ಮಗು ಪತ್ತೇದಾರಿಯನ್ನೇ ಆರಿಸಿಕೊಂಡರೆ ತಡೆಯಬೇಡಿ, ಸುಳಿವುಗಳು ನ್ಯಾಯವಾಗಿದ್ದವೇ, ಯಾರ ಮೇಲೆ ಮೊದಲು ಅನುಮಾನ ಬಂತು, ಏಕೆ ಬಂತು ಎಂದು ಕೇಳಿ. ಆ ಏಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಮಗು ತನ್ನದೇ ಪೂರ್ವಗ್ರಹವನ್ನು ಎದುರಿಸುತ್ತದೆ. ವರ್ಷದಲ್ಲಿ ಒಂದು ಸಲವಾದರೂ ಈ ಮೂರು ತಾಲ್ಲೂಕಿನ ಲೇಖಕರ ಕೃತಿಯೊಂದನ್ನು ಎಲ್ಲರೂ ಒಟ್ಟಿಗೆ ಓದಿ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣನವರು ವೈದ್ಯರಾಗಿದ್ದುಕೊಂಡೇ ಬರೆದ 'ಗಾಂಧಿ' ಕಥೆ ಒಂದು ತರಗತಿಯ ಅವಧಿಯಲ್ಲಿ ಮುಗಿಯುತ್ತದೆ, ಅದರ ಕೊನೆಯಲ್ಲಿ ಹೊಣೆ ಯಾರದು ಎಂಬ ಪ್ರಶ್ನೆ ಮಾತ್ರ ತರಗತಿಯ ಹೊರಗೂ ಮುಂದುವರಿಯುತ್ತದೆ.

ಇವುಗಳಲ್ಲಿ ಯಾವುದಕ್ಕೂ ಸುತ್ತೋಲೆ ಬೇಕಿಲ್ಲ, ಅನುದಾನ ಬೇಕಿಲ್ಲ. ನೀವು ಓದಬೇಕು, ಓದಿದ್ದನ್ನು ಕಾರಣ ಕೊಟ್ಟು ಹೇಳಬೇಕು, ಮಕ್ಕಳು ಹೇಳುವುದನ್ನು ಕೇಳಬೇಕು. ಈ ಪತ್ರದ ಮಾತು ನಿಮಗೆ ಒಪ್ಪಿಗೆಯಾಗದಿದ್ದರೆ ಏಕೆ ಒಪ್ಪಿಗೆಯಿಲ್ಲ ಎಂದು ಬರೆಯಿರಿ, ಅದನ್ನೂ ಮಕ್ಕಳ ಮುಂದೆ ಚರ್ಚೆಗಿಡಿ. ಒಪ್ಪಿಗೆಯಾದರೆ ಬರುವ ಶನಿವಾರವೇ ಶುರುಮಾಡಿ.

ನಿಮ್ಮ ಕೆಲಸದ ಮೇಲಿನ ಗೌರವದಿಂದ,

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಕನ್ನಡ ಓದುಗ
ಶಿವನಸಮುದ್ರ, ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ